ಮಲ್ಪೆಯ ಕಲ್ಲುಕಂಬಗಳಿಗೆ, ಲಾಲ್‌ಬಾಗ್ ಮಾರ್ಗವಾಗಿ

ಜಯನಗರ, ಜೆ.ಪಿ. ನಗರದ ಕಡೆಯವರು ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡುವ ಮುಂಚೆ ಒಂದು ಬೆಳಿಗ್ಗೆ ಲಾಲ್‌ಬಾಗಿಗೆ ಹೋಗಿಬನ್ನಿ. ಸಿದ್ದಾಪುರ ಗೇಟಿನಿಂದ ಒಳಹೊಕ್ಕು, ಕೆಂಪೇಗೌಡ ಗೋಪುರವಿರುವ ಬಂಡೆ ಹತ್ತಿ. ವಾಕಿಂಗಿಗೆ ಬಂದವರು ಕೂತು ಹರಟುವ ಆ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಲ್ಪೆಯ ದ್ವೀಪಕ್ಕೂ ಅದೇ ಮನ್ನಣೆ ಇದೆ. ಅಲ್ಲಿನ ಕಲ್ಲಿಗೆ ಮಾತ್ರ ಇನ್ನೂ ಒಂಬತ್ತು ಕೋಟಿ ತುಂಬಿಲ್ಲ!

ಹೋಗುವುದು ಸುಲಭ. ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ನನ್ನ ಓಟು ರೈಲಿಗೆ: ಸಂಜೆ ಬೆಂಗಳೂರು ಬಿಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಿನ ಜಾವ ಉಡುಪಿಯಲ್ಲಿ ಇಳಿಸುತ್ತದೆ. ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಸಂಜೆಯ ಟ್ರಾಫಿಕ್ಕಿನ ಚಿಂತೆಯಿಲ್ಲ. ಉಡುಪಿಯಿಂದ ಮಲ್ಪೆಗೆ ಸುಮಾರು ಆರು ಕಿಲೋಮೀಟರ್. ಸಿಟಿ ಬಸ್ಸೂ ಇದೆ, ಆಟೋವೂ ಇದೆ.

ಬೋಟುಗಳು ಮಳೆಗಾಲ ಕಳೆದ ಮೇಲೆ, ಹೆಚ್ಚುಕಡಿಮೆ ಅಕ್ಟೋಬರಿನಿಂದ ಮೇವರೆಗೆ ಓಡುತ್ತವೆ. ಅರ್ಧ ಗಂಟೆಯೊಳಗೆ ದ್ವೀಪ ಸಿಗುತ್ತದೆ. ಶನಿವಾರ, ಭಾನುವಾರ ಬಿಟ್ಟು ಬೆಳಗಿನ ಮೊದಲ ಬೋಟು ಹಿಡಿಯಿರಿ. ಅವತ್ತು ಕಡಲಿನ ಇಳಿತ ಎಷ್ಟು ಹೊತ್ತಿಗೆ ಎಂದು ಮೊದಲೇ ನೋಡಿಕೊಂಡರೆ ಇನ್ನೂ ಒಳ್ಳೆಯದು. ನೀರು ಇಳಿದಾಗ ಕಂಬಗಳ ಬುಡ ಕಾಣುತ್ತದೆ.

ಬೋಟು ನಿಲ್ಲುವುದು ತೆಂಗಿನ ಮರಗಳಿರುವ ದ್ವೀಪದಲ್ಲಿ. ಬಹುಪಾಲು ಜನ ಇಳಿದ ಜಾಗದಲ್ಲೇ ಫೋಟೋ ಮುಗಿಸುತ್ತಾರೆ. ನೀವು ತೆರೆದ ಕಡಲಿನ ಕಡೆಗೆ, ವಾಯವ್ಯದತ್ತ ನಡೆಯಿರಿ. ಐದು, ಆರು, ಏಳು ಮುಖದ ಕಲ್ಲುಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಹರಿದು ನಿಂತ ಲಾವಾ ತಣಿಯುತ್ತ ಕುಗ್ಗಿ, ಬೇಸಿಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿತು. ಬಿರುಕು ಆಳಕ್ಕಿಳಿದಂತೆ ಕಂಬಗಳಾದವು. ಕೆಲವು ಆರು ಮೀಟರಿನಷ್ಟು ಎತ್ತರ. ಅಲೆ ಬಡಿದು ತುದಿ ಮುರಿದಲ್ಲಿ ಮೆಟ್ಟಿಲು; ಬುಡ ಮಾತ್ರ ಉಳಿದಲ್ಲಿ ಆರು ಮೂಲೆಯ ಕಲ್ಲುಹಾಸು. ಎಲ್ಲರೂ ಬಸಾಲ್ಟ್ ಎನ್ನುತ್ತಾರೆ. ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಜಾತಿಯ ಲಾವಾ. ದಖನ್ನಿನ ಲಾವಾಕ್ಕಿಂತ ಸುಮಾರು ಎರಡು ಕೋಟಿ ವರ್ಷ ಹಿರಿದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ್ದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಹೆಸರಿಟ್ಟ ಕತೆಯನ್ನು ಬೋಟಿನಲ್ಲೇ ಯಾರಾದರೂ ಹೇಳುತ್ತಾರೆ. ನನಗೆ ಮಡಗಾಸ್ಕರಿನ ಕತೆಯೇ ದೊಡ್ಡದು.

ಹವಾಯಿ ಚಪ್ಪಲಿ ಬೇಡವೇ ಬೇಡ. ಪಾಚಿ ಹಿಡಿದ ಕಲ್ಲು ಜಾರುತ್ತದೆ, ಒಡೆದ ಚಿಪ್ಪುಗಳು ಕಾಲು ಕೊಯ್ಯುತ್ತವೆ. ಹಿಡಿತವಿರುವ ಸ್ಯಾಂಡಲ್, ಟೋಪಿ, ನೀರು ಇರಲಿ. ನೆರಳು ಕಡಿಮೆ, ಹನ್ನೊಂದರ ನಂತರ ಕರಾವಳಿಯ ಸೆಕೆ ಬನಶಂಕರಿಯವರಿಗೆ ತಡೆಯುವಂಥದ್ದಲ್ಲ. ಗುರುತು ಹಾಕಿದ ಜಾಗ ಬಿಟ್ಟು ನೀರಿಗಿಳಿಯಬೇಡಿ. ರಾತ್ರಿ ಉಳಿಯಲು ಬಿಡುವುದಿಲ್ಲ. ವಾಪಸ್ ಬೋಟು ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ಕೇಳಿಕೊಳ್ಳಿ. ಮಧ್ಯಾಹ್ನ ಮೀನೂಟ ಬೇಕಿದ್ದವರಿಗೆ ಮಲ್ಪೆ, ಬೇಡದವರಿಗೆ ಕೃಷ್ಣ ಮಠ.

ರಜೆ ಸಿಗುವುದು ಜುಲೈನಲ್ಲೇ ಎಂದಾದರೆ ದ್ವೀಪದ ಆಸೆ ಬಿಟ್ಟು ಉಡುಪಿಯ ದಕ್ಷಿಣಕ್ಕಿರುವ ಕಾಪುವಿಗೆ ಹೋಗಿ. ಅಲ್ಲಿ ದಡದ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಮಳೆಗಾಲದ ಅಲೆ ಕಲ್ಲಿಗೆ ಏನು ಮಾಡುತ್ತದೆಂದು ದೂರದಿಂದಲೇ ನೋಡಬಹುದು.