ಕೂಡುವುದೋ, ಕಳೆಯುವುದೋ?

ಹಲವು ಆಕೃತಿಗಳು ಸೇರಿದ ಚಿತ್ರ ಕೊಟ್ಟು ವಿಸ್ತೀರ್ಣ ಕೇಳಿದರೆ, ನನ್ನ ತರಗತಿಯಲ್ಲಿ ಅದನ್ನು ತುಂಡು ತುಂಡು ಮಾಡಿ ಕೂಡುವವರೇ ಹೆಚ್ಚು. ಕೆಲವೊಮ್ಮೆ ಕಳೆಯುವುದೇ ಸುಲಭ.

ವಿಜಯಪುರದ ಗೋಲಗುಮ್ಮಟವನ್ನೇ ತೆಗೆದುಕೊಳ್ಳಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಮೇಲೆ ಗುಮ್ಮಟ ದುಂಡಗಿದೆ ಎಂದು ಪೈ ಆರ್ ಸ್ಕ್ವೇರ್ ಹಾಕಬೇಡಿ. ಕೆಳಗಿನ ಕೋಣೆ ಚೌಕ. ಒಳಗಿನ ಬಾಹು 135 ಅಡಿ 5 ಅಂಗುಲ. ಆದರೆ ಕಮಾನುಗಳನ್ನು ಹೊರುವ ಗೋಡೆಯ ಭಾಗಗಳು ಒಳಕ್ಕೆ ಚಾಚಿವೆ. ಆ ನೆಲವನ್ನು ತುಂಡು ಮಾಡಲು ಹೊರಟರೆ ಲೆಕ್ಕ ಮುಗಿಯುವುದಿಲ್ಲ. ಮೊದಲು ಪೂರ್ಣ ಚೌಕವೆಂದೇ ಹಿಡಿಯಿರಿ, ಆಮೇಲೆ ಚಾಚಿದ್ದನ್ನು ಕಳೆಯಿರಿ.

ಅಂಗುಲದ ಹತ್ತಿರ ಸ್ವಲ್ಪ ನಿಲ್ಲಿ. 135 ಅಡಿ 5 ಅಂಗುಲವೆಂದರೆ 135.5 ಅಡಿಯಲ್ಲ. ಅಡಿಗೆ 12 ಅಂಗುಲ. 5ನ್ನು 12ರಿಂದ ಭಾಗಿಸಿದರೆ 0.4167. 135.4167ರ ವರ್ಗ 18,337.67 ಚದರ ಅಡಿ. 135.5 ಎಂದು ಬರೆದವರಿಗೆ 18,360.25 ಬರುತ್ತದೆ, ಅಂದರೆ 22.58 ಹೆಚ್ಚು. ಆ ಚಾಚುಗಳೆಲ್ಲ ಸೇರಿಯೇ 228.32 ಚದರ ಅಡಿ. ಅದರ ಹತ್ತರಲ್ಲೊಂದು ಪಾಲಿನಷ್ಟು ತಪ್ಪು ಒಂದು ಬಿಂದುವಿನಿಂದಲೇ ಆಯಿತು! ಸರಿಯಾಗಿ ಕಳೆದರೆ ಉಳಿಯುವ ನೆಲ 18,109.35 ಚದರ ಅಡಿ.

ಈಗ ನಿಮ್ಮ ಸರದಿ. 20 ಅಡಿ ಬಾಹುವಿನ ಚೌಕ ಅಂಗಳ. ನಾಲ್ಕು ಮೂಲೆಗಳಲ್ಲಿ 2 ಅಡಿ ತ್ರಿಜ್ಯದ ಕಾಲು ವೃತ್ತದ ಹೂವಿನ ಪಾತಿಗಳಿವೆ. ಉಳಿದ ಜಾಗಕ್ಕೆ ಟೈಲ್ಸ್ ಹಾಕಿಸಬೇಕು. ಎಷ್ಟು ಚದರ ಅಡಿ? ನಾಲ್ಕು ಕಾಲು ವೃತ್ತ ಸೇರಿದರೆ ಏನಾಗುತ್ತದೆ ಎಂದು ಮೊದಲು ನೋಡಿಕೊಳ್ಳಿ.