ಉದ್ಯಾನ ವಿನ್ಯಾಸಕಾರರೂ ಗ್ರಾಹಕರೂ: ಕರಾರಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಕಾರ್ಖಾನೆ, ಕಲ್ಯಾಣ ಮಂಟಪ, ಹೋಟೆಲು, ಶಾಲೆಗಳ ಆವರಣದಲ್ಲಿ ಉದ್ಯಾನ ನಿರ್ಮಿಸಿಕೊಡುವ ವೃತ್ತಿಯು ಒಂದು ಸಣ್ಣ ಉದ್ದಿಮೆಯಾಗಿಯೇ ಬೆಳೆದಿದೆ. ಈ ವೃತ್ತಿಯಲ್ಲಿ ಗ್ರಾಹಕರೊಡನೆ ತಲೆದೋರುವ ಮನಸ್ತಾಪಗಳ ಮೂಲ ಬಹುಮಟ್ಟಿಗೆ ಒಂದೇ. ಯಂತ್ರವೊಂದನ್ನು ಒಪ್ಪಿಸಿದ ದಿನ ಅದು ಪೂರ್ಣಗೊಂಡ ಸರಕು. ಉದ್ಯಾನವಾದರೋ ಒಪ್ಪಿಸಿದ ದಿನದಿಂದ ಬೆಳೆಯತೊಡಗುವಂಥದು. ಈ ವ್ಯತ್ಯಾಸವನ್ನು ಕರಾರುಪತ್ರದಲ್ಲಿ ಕಾಣಿಸದೆ ಕೆಲಸಕ್ಕೆ ಕೈಹಾಕುವುದು ಉಭಯತ್ರರಿಗೂ ನಷ್ಟಕರ.

ಮೊದಲು ಕೇಳಬೇಕಾದುದು ಗ್ರಾಹಕರ ಅಭಿರುಚಿಯನ್ನಲ್ಲ, ನೀರಿನ ಮೂಲವನ್ನು. ಒಂದು ಚದರ ಮೀಟರಿಗೆ 1 ಮಿ.ಮೀ. ನೀರೆಂದರೆ 1 ಲೀಟರ್. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿ.ಮೀ. ಬೇಕೆಂದು ಹಿಡಿದರೆ 1,000 ಚದರ ಮೀಟರಿಗೆ 5,000 ಲೀಟರ್ ಆಗುತ್ತದೆ. ತಿಂಗಳಿಗೆ 1,50,000 ಲೀಟರ್. ಈ ಲೆಕ್ಕವನ್ನು ಟ್ಯಾಂಕರ್ ದರಕ್ಕೆ ಹೊಂದಿಸಿ ಮುಂದಿಟ್ಟರೆ ಹುಲ್ಲುಹಾಸಿನ ಮೋಹ ತಾನಾಗಿಯೇ ಅರ್ಧಕ್ಕಿಳಿಯುತ್ತದೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದನ್ನು ಓದುಗರು ಮರೆತಿರಲಾರರು. ಸಂಸ್ಕರಿಸಿದ ನೀರು ದೊರೆಯುವುದೇ, ಕೊಳವೆಬಾವಿ ಏಪ್ರಿಲ್‌ನಲ್ಲಿಯೂ ನೀರು ಕೊಡುವುದೇ ಎಂಬುದನ್ನು ತಿಳಿದ ಬಳಿಕವೇ ಗಿಡಗಳ ಆಯ್ಕೆ. ನೀರು ಕಡಿಮೆಯಿರುವಲ್ಲಿ ಕಾಗದದ ಹೂವಿನ ಬಳ್ಳಿ, ಹೊಂಗೆ, ಕಣಗಿಲೆ ಸೂಕ್ತ. (ಕಣಗಿಲೆ ವಿಷಯುಕ್ತವಾದುದರಿಂದ ಶಾಲೆಯ ಆವರಣಕ್ಕೆ ಸಲ್ಲದು.)

ಎರಡನೆಯ ತೊಡಕು ಚಿತ್ರದ್ದು. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯು ಐದಾರು ವರ್ಷ ಬೆಳೆದ ತೋಟವನ್ನು ತೋರಿಸುತ್ತದೆ. ಗ್ರಾಹಕರು ಅದನ್ನು ಪ್ರಾರಂಭೋತ್ಸವದ ದಿನವೇ ನಿರೀಕ್ಷಿಸುತ್ತಾರೆ. ಅವರನ್ನು ತೃಪ್ತಿಪಡಿಸಲು ವಿನ್ಯಾಸಕಾರರು ಗಿಡಗಳನ್ನು ಒತ್ತಾಗಿ ನೆಡುತ್ತಾರೆ. ಎರಡು ವರ್ಷದೊಳಗೆ ಗಿಡಗಳು ಬೆಳಕಿಗಾಗಿ ಪೈಪೋಟಿ ನಡೆಸಿ ಸೊರಗುತ್ತವೆ. ಆಗ ಕೀಳುವ ಖರ್ಚು ಯಾರದು? ನೆಟ್ಟ ದಿನದ ಚಿತ್ರವನ್ನೂ ಬೆಳೆದ ಮೇಲಿನ ಚಿತ್ರವನ್ನೂ ಬೇರೆಬೇರೆಯಾಗಿ ತೋರಿಸಿ, ಎರಡಕ್ಕೂ ಗ್ರಾಹಕರ ಸಹಿ ಪಡೆಯುವುದು ವಿವೇಕ. ಬೆಲೆಪಟ್ಟಿಯಲ್ಲಿಯೂ ‘ಸಂಪಿಗೆ, 10’ ಎಂದಷ್ಟೇ ಬರೆದರೆ ಸಾಲದು. ಗಿಡದ ಎತ್ತರ, ಕಾಂಡದ ಸುತ್ತಳತೆ, ಚೀಲದ ಗಾತ್ರ ನಮೂದಾಗಬೇಕು. ಎರಡಡಿ ಗಿಡವೂ ಸಂಪಿಗೆಯೇ, ಹತ್ತಡಿ ಗಿಡವೂ ಸಂಪಿಗೆಯೇ.

ನಿರ್ವಹಣೆಯ ಕರಾರು ಪ್ರತ್ಯೇಕವಾಗಿರಲಿ. ಇಂತಿಷ್ಟು ತಿಂಗಳೊಳಗೆ ಸತ್ತ ಗಿಡವನ್ನು ಬದಲಿಸಿಕೊಡುವ ಭರವಸೆ ನೀಡುವವರು, ನೀರು ಹಾಯಿಸುವ ಹೊಣೆ ಯಾರದೆಂಬುದನ್ನೂ ಅದೇ ವಾಕ್ಯದಲ್ಲಿ ಬರೆಯಬೇಕು. ಗ್ರಾಹಕರ ಕಾವಲುಗಾರ ನೀರು ಬಿಡದೆ ಒಣಗಿದ ಗಿಡಕ್ಕೆ ವಿನ್ಯಾಸಕಾರರು ತೆರುವುದು ನ್ಯಾಯವಲ್ಲ.

ತೆರಿಗೆಯ ವಿಚಾರವನ್ನು ಲೆಕ್ಕಪರಿಶೋಧಕರೊಡನೆ ಮೊದಲೇ ಚರ್ಚಿಸತಕ್ಕದ್ದು. ಜೀವಂತ ಗಿಡಗಳ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಉದ್ಯಾನ ನಿರ್ವಹಣೆಯ ಸೇವೆಗೆ ಶೇ. 18 ಇದೆ. ಎಲ್ಲವನ್ನೂ ಒಂದೇ ಮೊತ್ತದ ಗುತ್ತಿಗೆಯಾಗಿ ಬರೆದಾಗ ಗಿಡಗಳ ಬೆಲೆಯೂ ತೆರಿಗೆಗೆ ಒಳಪಡುವ ಸಂಭವವುಂಟು.

ಹಣ ಪಾವತಿಯ ಬಗ್ಗೆ ಸಂಕೋಚ ಸಲ್ಲದು. ವಿನ್ಯಾಸದ ಶುಲ್ಕಕ್ಕೆ ಪ್ರತ್ಯೇಕ ಬಿಲ್ಲು ಕೊಟ್ಟು, ನಕ್ಷೆ ಒಪ್ಪಿದಾಗಲೇ ಅದನ್ನು ಪಡೆಯುವುದು ಲೇಸು. ನಕ್ಷೆಯನ್ನು ಪಡೆದು ಕೆಲಸವನ್ನು ಬೇರೆಯವರಿಗೆ ವಹಿಸುವ ಗ್ರಾಹಕರೂ ಇದ್ದಾರೆ. ಉದ್ಯಮ್ ನೋಂದಣಿ ಪಡೆದ ಅತಿಸಣ್ಣ ಹಾಗೂ ಸಣ್ಣ ಸೇವಾ ಘಟಕಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯ ರಕ್ಷಣೆ ಇದೆ. ಲಿಖಿತ ಕರಾರಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಸೌಲಭ್ಯ ಮಂಡಳಿಗೆ ದೂರನ್ನೂ ಸಲ್ಲಿಸಬಹುದು. ಕೆಲಸವನ್ನು ಗ್ರಾಹಕರು ಒಪ್ಪಿಕೊಂಡ ದಿನಾಂಕದಿಂದ ಈ ಅವಧಿಯನ್ನು ಎಣಿಸುವುದರಿಂದ, ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಆಯಾ ಹಂತದಲ್ಲಿಯೇ ಪಡೆದಿಟ್ಟುಕೊಳ್ಳಬೇಕು.