ರಂಗದ ಮೇಲೆ ವಾಲ್ಟರ್ ಟುಲ್

ಒಂದು ಜೀವನವು ನಾಟಕದ ವಸ್ತುವಾಗಬೇಕಾದರೆ ಅದರಲ್ಲಿ ಘಟನೆಗಳು ಹೇರಳವಾಗಿದ್ದರೆ ಸಾಲದು, ಘರ್ಷಣೆಯೂ ಇರಬೇಕು. ಇಂಗ್ಲೆಂಡಿನ ಬೋಲ್ಟನ್ ನಗರದ ಆಕ್ಟಗನ್ ರಂಗಮಂದಿರದಲ್ಲಿ 2013ರಲ್ಲಿ ಪ್ರಯೋಗಗೊಂಡ ‘ಟುಲ್’ ನಾಟಕದ ವಸ್ತುವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಅದರ ಕರ್ತೃ ಫಿಲ್ ವಸಿಲಿ. ನಾಯಕನ ಜೀವನಚರಿತ್ರೆಯನ್ನು ಬರೆದವರೂ ಅವರೇ.

ವಾಲ್ಟರ್ ಟುಲ್ ಜನಿಸಿದ್ದು 1888ರಲ್ಲಿ, ಕೆಂಟ್ ಪ್ರಾಂತದ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಬಾರ್ಬಡೋಸ್ ದ್ವೀಪದಿಂದ ಬಂದ ಕರಿಯ ಬಡಗಿ, ಗುಲಾಮಗಿರಿಯನ್ನು ಉಂಡ ಮನೆತನದವನು. ತಾಯಿ ಇಂಗ್ಲಿಷ್ ಹೆಣ್ಣುಮಗಳು. ಬಾಲಕನಿಗೆ ಹತ್ತು ವರ್ಷ ತುಂಬುವ ಮೊದಲೇ ಇಬ್ಬರೂ ತೀರಿಕೊಂಡರು. ಅವನೂ ಅಣ್ಣ ಎಡ್ವರ್ಡನೂ ಲಂಡನ್ನಿನ ಅನಾಥಾಲಯವನ್ನು ಸೇರಿದರು. ಅಣ್ಣನನ್ನು ಗ್ಲಾಸ್ಗೋ ನಗರದ ಕುಟುಂಬವೊಂದು ದತ್ತು ಪಡೆಯಿತು. ಆತ ಮುಂದೆ ದಂತವೈದ್ಯನಾದ. ತಮ್ಮನು ಅನಾಥಾಲಯದಲ್ಲಿಯೇ ಉಳಿದು ಮುದ್ರಣದ ಕೆಲಸ ಕಲಿತ.

1909ರಲ್ಲಿ ಟಾಟನ್‌ಹ್ಯಾಮ್ ಹಾಟ್ಸ್‌ಪರ್ ತಂಡವು ಆತನನ್ನು ವೃತ್ತಿಪರ ಆಟಗಾರನನ್ನಾಗಿ ಸೇರಿಸಿಕೊಂಡಿತು. ಅದೇ ಅಕ್ಟೋಬರಿನಲ್ಲಿ ಬ್ರಿಸ್ಟಲ್ ನಗರದ ಪಂದ್ಯದಲ್ಲಿ ಪ್ರೇಕ್ಷಕರ ಒಂದು ಗುಂಪು ಆತನ ಮೈಬಣ್ಣವನ್ನು ಹಿಡಿದು ಹೀನಾಯವಾಗಿ ಬೈಯಿತು. ಅಲ್ಲಿದ್ದ ಪತ್ರಿಕಾ ವರದಿಗಾರನು ಆ ಬೈಗುಳನ್ನು ಖಂಡಿಸಿ, ಅಂದಿನ ಮುನ್ನಡೆ ಆಟಗಾರರಲ್ಲಿ ಟುಲ್ಲನೇ ಶ್ರೇಷ್ಠನೆಂದು ಬರೆದನು. ಆದರೆ ಕ್ರಮೇಣ ತಂಡವು ಆತನನ್ನು ಬದಿಗೆ ಸರಿಸಿತು. ಬೈದವರು ಬೈದು ಮನೆಗೆ ಹೋದರು. ಸ್ಥಾನ ಕಳೆದುಕೊಂಡವನು ಬೈಸಿಕೊಂಡವನು! ಆಗ ಆತ ಏನೆಂದನೆಂಬುದು ದಾಖಲೆಗಳಲ್ಲಿ ಇಲ್ಲ. ಇತಿಹಾಸಕಾರನು ಇಲ್ಲಿ ಲೇಖನಿಯನ್ನು ಕೆಳಗಿಡಬೇಕು. ನಾಟಕಕಾರನ ಕೆಲಸ ಆರಂಭವಾಗುವುದೇ ಇಲ್ಲಿಂದ. ಆ ಮೌನಕ್ಕೆ ಮಾತು ಕೊಡಬೇಕೆ, ಅಥವಾ ಮೌನವನ್ನೇ ರಂಗದ ಮೇಲೆ ನಿಲ್ಲಿಸಬೇಕೆ? ಎರಡನೆಯದೇ ಹೆಚ್ಚು ಪರಿಣಾಮಕಾರಿ ಎಂದು ನನ್ನ ಭಾವನೆ.

1911ರಲ್ಲಿ, ಹರ್ಬರ್ಟ್ ಚಾಪ್‌ಮನ್ನನ ಮಾರ್ಗದರ್ಶನದಲ್ಲಿದ್ದ ನಾರ್ಥಾಂಪ್ಟನ್ ತಂಡಕ್ಕೆ ಹೋಗಿ, ಆ ತಂಡದ ಪರ ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದನು. 1914ರ ಡಿಸೆಂಬರಿನಲ್ಲಿ, ಮಹಾಯುದ್ಧ ಆರಂಭವಾಗಿದ್ದ ಕಾಲದಲ್ಲಿ, ಕಾಲ್ಚೆಂಡಾಟಗಾರರಿಗಾಗಿಯೇ ರಚಿತವಾದ ದಳವನ್ನು ಸೇರಿ ಸಾರ್ಜೆಂಟನಾದನು. 1916ರಲ್ಲಿ ಸೋಮ್ ರಣರಂಗದ ಕಂದಕಗಳನ್ನು ಕಂಡನು.

ಮುಂದಿನದು ಈ ಚರಿತ್ರೆಯ ತಿರುಳು. ಕರಿಯರಿಗೆ ಅಧಿಕಾರಿಪದವಿ ಸಲ್ಲದೆಂಬುದು ಅಂದಿನ ಸೇನಾ ನಿಯಮಗಳ ಅಭಿಪ್ರಾಯ. ಆದರೂ 1917ರ ಮೇ ತಿಂಗಳಲ್ಲಿ ಟುಲ್ ಸೆಕೆಂಡ್ ಲೆಫ್ಟಿನೆಂಟ್ ಆದನು. ನಿಯಮ ರದ್ದಾಗಲಿಲ್ಲ, ಯೋಗ್ಯ ಮನುಷ್ಯನೊಬ್ಬ ಎದುರಿಗೆ ನಿಂತಾಗ ಅದನ್ನು ಪಕ್ಕಕ್ಕಿಡಲಾಯಿತು, ಅಷ್ಟೆ. ಆತನನ್ನು ‘ಮೊಟ್ಟಮೊದಲ’ ಕರಿಯ ಅಧಿಕಾರಿ ಎಂದು ಹೊಗಳುವ ವಾಡಿಕೆಯುಂಟು. ‘ಮೊದಲಿಗರಲ್ಲಿ ಒಬ್ಬ’ ಎನ್ನುವುದು ಹೆಚ್ಚು ಸಮಂಜಸ. ಅದರಿಂದ ಆತನ ಎತ್ತರವೇನೂ ಕುಗ್ಗದು.

1918ರ ಆರಂಭದಲ್ಲಿ ಇಟಲಿಯ ಪಿಯಾವೆ ನದಿಯನ್ನು ದಾಟಿ, ದಾಳಿ ನಡೆಸಿ, ತನ್ನ ಸೈನಿಕರನ್ನು ಸುರಕ್ಷಿತವಾಗಿ ಮರಳಿಸಿದ್ದಕ್ಕಾಗಿ ಸೇನಾಪತಿಯ ಪ್ರಶಂಸೆ ಪಡೆದನು. ಬಿಳಿಯ ಸೈನಿಕರು ಆತನ ಆಜ್ಞೆಯನ್ನು ಪಾಲಿಸಿದ್ದರು. ಮಿಲಿಟರಿ ಕ್ರಾಸ್ ಪದಕಕ್ಕೆ ಆತನ ಹೆಸರನ್ನು ಸೂಚಿಸಲಾಗಿತ್ತೆಂದು ಸಹಾಧಿಕಾರಿಯೊಬ್ಬನು ಎಡ್ವರ್ಡನಿಗೆ ಪತ್ರ ಬರೆದನು. ಪದಕ ಮಾತ್ರ ಬರಲಿಲ್ಲ.

ಆ ಪತ್ರ ಬಂದದ್ದು ತಮ್ಮನ ಮರಣಾನಂತರ. 1918ರ ಮಾರ್ಚ್ 25ರಂದು ಉತ್ತರ ಫ್ರಾನ್ಸಿನ ಫಾವ್ರಯ್ ಗ್ರಾಮದ ಬಳಿ ಟುಲ್ ಗುಂಡೇಟಿಗೆ ಬಲಿಯಾದನು. ಕಾಲ್ಚೆಂಡಾಟದ ಗೋಲ್‌ರಕ್ಷಕನಾಗಿದ್ದ ಟಾಮ್ ಬಿಲ್ಲಿಂಗ್ಹ್ಯಾಮ್ ಎಂಬ ಸೈನಿಕನು ಗುಂಡಿನ ಮಳೆಯಲ್ಲಿ ಆತನ ದೇಹವನ್ನು ಹಿಂದಕ್ಕೆ ತರಲು ಯತ್ನಿಸಿ ಕೈಚೆಲ್ಲಬೇಕಾಯಿತು. ಸಮಾಧಿಯಿಲ್ಲದ ಆತನ ಹೆಸರು ಆರಾಸ್ ಸ್ಮಾರಕದ ಗೋಡೆಯ ಮೇಲೆ ಸುಮಾರು 35,000 ಹೆಸರುಗಳ ನಡುವೆ ಕೆತ್ತಲ್ಪಟ್ಟಿದೆ.